ಗ್ಯಾರೇಜಿಗೆ ಕಳಿಸಬೇಕಾದ ಒಂದು ಲೆಕ್ಕ

ಪಿಯುಸಿ ಮೊದಲ ವರ್ಷಕ್ಕೆ ಭೌತಶಾಸ್ತ್ರ ಕಲಿಸಿದವರಿಗೆ 'ಆಂದೋಲನಗಳು' ಅಧ್ಯಾಯದ ಅಭ್ಯಾಸದಲ್ಲಿದ್ದ ಒಂದು ಲೆಕ್ಕ ನೆನಪಿರಬೇಕು. ಎನ್‌ಸಿಇಆರ್‌ಟಿ 2006ರಲ್ಲಿ ಹೊರತಂದ, ನಮ್ಮ ಪಿಯು ಕಾಲೇಜುಗಳಿಗೆ 2012ರಿಂದ ಬಂದ ಪುಸ್ತಕ ಅದು. 3000 ಕಿಲೋಗ್ರಾಂ ರಾಶಿಯ ಒಂದು ವಾಹನ. ಅದರ ಭಾರಕ್ಕೆ ಸಸ್ಪೆನ್ಷನ್ 15 ಸೆಂಟಿಮೀಟರ್ ಕುಗ್ಗುತ್ತದೆ. ಒಂದು ಪೂರ್ಣ ಆಂದೋಲನ ಮುಗಿಯುವಷ್ಟರಲ್ಲಿ ಪಾರ, ಅಂದರೆ ನೆಲೆಯಿಂದ ಸರಿಯುವ ಅತಿ ಹೆಚ್ಚಿನ ದೂರ, ಅರ್ಧಕ್ಕೆ ಇಳಿಯುತ್ತದೆ. ಪ್ರತಿ ಚಕ್ರವೂ 750 ಕಿಲೋಗ್ರಾಂ ಹೊರುತ್ತದೆಂದು ಭಾವಿಸಿ ಸ್ಪ್ರಿಂಗ್ ಸ್ಥಿರಾಂಕವನ್ನೂ ಅವಮಂದನ ಸ್ಥಿರಾಂಕವನ್ನೂ ಕಂಡುಹಿಡಿಯಬೇಕು. ಉತ್ತರಗಳು ಸುಲಭ. ಸ್ಪ್ರಿಂಗ್ ಸ್ಥಿರಾಂಕ ಮೀಟರಿಗೆ ಸುಮಾರು 50,000 ನ್ಯೂಟನ್, ಅವಮಂದನ ಸ್ಥಿರಾಂಕ ಸೆಕೆಂಡಿಗೆ ಸುಮಾರು 1350 ಕಿಲೋಗ್ರಾಂ.

ಹಲವು ವರ್ಷ ನಾನೂ ಈ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿಸಿದ್ದೇನೆ. ಉತ್ತರ ಬಂದ ಕೂಡಲೇ ಕೆಳಗೆ ಎರಡು ಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋಗಿದ್ದೇನೆ. ಒಮ್ಮೆ ನನ್ನ ಹಳೆಯ ಕಾರು ಹಂಪ್ ದಾಟಿದ ಮೇಲೆಯೂ ದೋಣಿಯಂತೆ ತೂಗಾಡತೊಡಗಿತೆಂದು ಮೆಕ್ಯಾನಿಕ್ ಬಳಿ ಒಯ್ದೆ. ಆತ ಬಾನೆಟ್ ಕೂಡ ತೆಗೆಯಲಿಲ್ಲ. ಮುಂದಿನ ಮೂಲೆಯ ಮೇಲೆ ಎರಡೂ ಕೈಯೂರಿ ಒತ್ತಿ ಬಿಟ್ಟ. ಕಾರು ಮೇಲೆದ್ದಿತು, ಇಳಿಯಿತು, ಮತ್ತೆ ಎದ್ದಿತು, ಮತ್ತೆ ಇಳಿಯಿತು. "ಸಾರ್, ಶಾಕಪ್ಸರ್ ಹೋಗಿದೆ. ಒಂದು ಸಲ ಮೇಲೆ ಬಂದು ಕೂತ್ಕೋಬೇಕು, ಇದು ಕುಣೀತಾ ಇದೆ" ಎಂದ. ಮನೆಗೆ ಬಂದು ಪುಸ್ತಕದ ಲೆಕ್ಕವನ್ನು ಮತ್ತೆ ತೆಗೆದೆ. ಆ ವಾಹನವೂ ಕುಣಿಯುತ್ತಲೇ ಇತ್ತು. ಒಂದು ಆಂದೋಲನಕ್ಕೆ ಪಾರ ಶೇಕಡಾ 50 ಉಳಿದರೆ ಎರಡನೆಯದಕ್ಕೆ 25, ಮೂರನೆಯದಕ್ಕೆ 12, ನಾಲ್ಕನೆಯದಕ್ಕೆ 6. ನಾನು ತರಗತಿಯಲ್ಲಿ ವರ್ಷವರ್ಷವೂ ಬಿಡಿಸುತ್ತಿದ್ದದ್ದು ಶಾಕಪ್ಸರ್ ಹೋದ ಗಾಡಿಯ ಲೆಕ್ಕವನ್ನು!

ಇದು ಬರಿಯ ಹಾಸ್ಯದ ಮಾತಲ್ಲ, ಅಳೆದು ನೋಡಬಹುದು. ಒತ್ತಿ ಬಿಟ್ಟ ವಸ್ತು ಒಮ್ಮೆಯೂ ಆಚೆಗೆ ದಾಟದೆ, ಅತಿ ಬೇಗ ತನ್ನ ನೆಲೆಗೆ ಮರಳುವಷ್ಟು ಅವಮಂದನವನ್ನು ಕ್ರಾಂತಿಕ ಅವಮಂದನ ಎನ್ನುತ್ತೇವೆ. ಅದನ್ನು ಪಡೆಯಲು ಸ್ಪ್ರಿಂಗ್ ಸ್ಥಿರಾಂಕ ಮತ್ತು ರಾಶಿಗಳ ಗುಣಲಬ್ಧದ ವರ್ಗಮೂಲವನ್ನು ಎರಡರಿಂದ ಗುಣಿಸಬೇಕು. ಪುಸ್ತಕದ ವಾಹನಕ್ಕೆ ಇದು ಸೆಕೆಂಡಿಗೆ ಸುಮಾರು 12,250 ಕಿಲೋಗ್ರಾಂ. ಲೆಕ್ಕದಲ್ಲಿ ಬಂದ 1350 ಅದರ 0.11 ಭಾಗ ಮಾತ್ರ. ಈ ಭಾಗಕ್ಕೆ ಅವಮಂದನ ಅನುಪಾತವೆಂದು ಹೆಸರು. ಸಾಮಾನ್ಯ ಕಾರುಗಳಲ್ಲಿ ಅದು 0.2ರಿಂದ 0.4ರ ಆಸುಪಾಸಿನಲ್ಲಿರುತ್ತದೆ. ಅನುಪಾತ 0.3 ಇದ್ದರೆ ಒಂದು ಆಂದೋಲನದ ನಂತರ ಉಳಿಯುವುದು ಶೇಕಡಾ 14, ಎರಡರ ನಂತರ ಶೇಕಡಾ 2. ಮೆಕ್ಯಾನಿಕ್ ಹೇಳಿದ 'ಮೇಲೆ ಬಂದು ಕೂರುವುದು' ಎಂದರೆ ಇದೇ. (ಕೈಯಲ್ಲಿ ಒತ್ತಿ ನೋಡುವುದು ಅಂದಾಜಿನ ಪರೀಕ್ಷೆ ಅಷ್ಟೆ. ಕೀಲುಗಳ ಘರ್ಷಣೆ ಹೆಚ್ಚಿರುವ ಗಾಡಿಗಳಲ್ಲಿ ಅದು ಮೋಸ ಮಾಡುವುದುಂಟು.)

ಪುಸ್ತಕಕ್ಕೆ ನ್ಯಾಯ ಸಲ್ಲಿಸಬೇಕಾದರೆ ಲೆಕ್ಕದ ಮೊದಲರ್ಧ ಚೆನ್ನಾಗಿದೆ ಎನ್ನಲೇಬೇಕು. 15 ಸೆಂಟಿಮೀಟರ್ ಕುಗ್ಗುವ ಸ್ಪ್ರಿಂಗಿನ ಆವರ್ತಕಾಲ 0.77 ಸೆಕೆಂಡು, ಸಹಜ ಆವೃತ್ತಿ ಸೆಕೆಂಡಿಗೆ 1.3 ಆಂದೋಲನ. ನಿಜವಾದ ಕಾರುಗಳೂ ಈ ಮಟ್ಟದಲ್ಲೇ ಇರುತ್ತವೆ. ಇನ್ನೊಂದು ಸೊಗಸಾದ ಸಂಗತಿ ಇಲ್ಲಿ ಅಡಗಿದೆ, ಅದನ್ನು ಪುಸ್ತಕ ಹೇಳಲಿಲ್ಲ. ಭಾರಕ್ಕೆ ಸ್ಪ್ರಿಂಗ್ ಎಷ್ಟು ಕುಗ್ಗುತ್ತದೆಂಬುದು ಗೊತ್ತಿದ್ದರೆ ಸಾಕು, ಆವರ್ತಕಾಲ ತಿಳಿಯಲು ರಾಶಿ ಬೇಕೇ ಇಲ್ಲ. 15 ಸೆಂಟಿಮೀಟರ್ ಕುಗ್ಗಿದ ಕಾರಿನ ಆವರ್ತಕಾಲ 15 ಸೆಂಟಿಮೀಟರ್ ಉದ್ದದ ಸರಳ ಲೋಲಕದ ಆವರ್ತಕಾಲವೇ ಆಗಿರುತ್ತದೆ. ಗೇಣಿಗಿಂತ ಚಿಕ್ಕ ದಾರಕ್ಕೆ ಒಂದು ನಟ್ ಕಟ್ಟಿ ತೂಗಿಬಿಟ್ಟರೆ ಮೂರು ಟನ್ನಿನ ವಾಹನದ ತಾಳ ಕಣ್ಣೆದುರು ಬರುತ್ತದೆ. ಅಧ್ಯಾಯದ ಎರಡು ತುದಿಗಳನ್ನು, ಸ್ಪ್ರಿಂಗ್ ಮತ್ತು ಲೋಲಕಗಳನ್ನು, ಒಂದೇ ಗಂಟಿನಲ್ಲಿ ಕಟ್ಟುವ ಇಂಥ ಅವಕಾಶವನ್ನು ಬಿಟ್ಟುಕೊಟ್ಟು ಲೆಕ್ಕ ಅಂಕಿಗಳ ಹಿಂದೆ ಓಡಿತು.

ಶೇಕಡಾ 50 ಎಲ್ಲಿಂದ ಬಂತು? ಹ್ಯಾಲಿಡೇ ಮತ್ತು ರೆಸ್ನಿಕ್ ಅವರ ಪ್ರಸಿದ್ಧ ಪುಸ್ತಕದಲ್ಲೂ ಇದೇ ಬಗೆಯ ಲೆಕ್ಕವಿದೆ. ಅಲ್ಲಿ ವಾಹನ 2000 ಕಿಲೋಗ್ರಾಂ, ಕುಗ್ಗುವುದು 10 ಸೆಂಟಿಮೀಟರ್, ಚಕ್ರಕ್ಕೆ 500 ಕಿಲೋಗ್ರಾಂ. ಪಾರ ಇಳಿಯುವುದು ಮಾತ್ರ ಅದೇ ಅರ್ಧಕ್ಕೆ. ಉಳಿದ ಅಂಕಿಗಳು ಬದಲಾದರೂ ಈ ಅರ್ಧ ಹಾಗೆಯೇ ಉಳಿದಿದೆ. ಅರ್ಧವೆಂದರೆ ಲಾಗರಿದಮ್ ಸುಲಭ ಎಂಬುದನ್ನು ಬಿಟ್ಟು ಅದಕ್ಕೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ಒಂದು ಅಂಕಿ ತಪ್ಪಿದ್ದಕ್ಕೆ ಇಷ್ಟು ಗದ್ದಲವೇಕೆ ಎಂದು ಓದುಗರು ಕೇಳಬಹುದು. ಅಂಕಿಯ ಹಿಂದೆ ಒಂದು ಧೋರಣೆಯಿದೆ. ಅದೇ ಅಧ್ಯಾಯದಲ್ಲಿ ಬಿಡಿಸಿ ತೋರಿಸಿದ ಉದಾಹರಣೆ ನೋಡಿ. 200 ಗ್ರಾಂ ತುಂಡು, ಮೀಟರಿಗೆ 90 ನ್ಯೂಟನ್ನಿನ ಸ್ಪ್ರಿಂಗ್, ಸೆಕೆಂಡಿಗೆ 40 ಗ್ರಾಂ ಅವಮಂದನ. ಅಲ್ಲಿ ಪಾರ ಅರ್ಧವಾಗಲು 6.93 ಸೆಕೆಂಡು, ಅಂದರೆ ಸುಮಾರು 23 ಆಂದೋಲನಗಳು ಬೇಕು. ಅವಮಂದನ ಅನುಪಾತ 0.005ರಷ್ಟೂ ಇಲ್ಲ. ಪುಸ್ತಕದ ಮಟ್ಟಿಗೆ ಅವಮಂದನವೆಂದರೆ ಒಳ್ಳೆಯ ಸರಳಸಂಗತ ಚಲನೆಗೆ ಅಂಟಿಕೊಂಡ ಚಿಕ್ಕ ಉಪದ್ರವ, ನಿಧಾನವಾಗಿ ಎಲ್ಲವನ್ನೂ ಆರಿಸಿಬಿಡುವ ಒಂದು ನಷ್ಟ. ವಾಹನ ತಯಾರಿಸುವವರಿಗೆ ಅದು ನಷ್ಟವಲ್ಲ, ಹಣ ಕೊಟ್ಟು ಕೊಳ್ಳುವ ಸಾಮಾನು. ಎಷ್ಟು ಬೇಕು ಎಂಬುದೇ ಅವರ ಪ್ರಶ್ನೆ. ಆ ಪ್ರಶ್ನೆ ಪಾಠದಲ್ಲಿ ಎಲ್ಲೂ ಏಳಲಿಲ್ಲ.

ಹೆಸರೂ ದಾರಿ ತಪ್ಪಿಸುತ್ತದೆ. 'ಶಾಕ್ ಅಬ್ಸಾರ್ಬರ್' ಎಂಬುದನ್ನು ಪದಶಃ ಕನ್ನಡಿಸಿದರೆ 'ಆಘಾತ ಹೀರುಕ' ಆದೀತು. ಆದರೆ ಹೊಂಡದ ಹೊಡೆತವನ್ನು ಮೊದಲು ತಾಳಿಕೊಳ್ಳುವುದು ಟೈರು ಮತ್ತು ಸ್ಪ್ರಿಂಗು. ಸ್ಪ್ರಿಂಗ್ ಆ ಶಕ್ತಿಯನ್ನು ಹೀರಿ ಇಟ್ಟುಕೊಳ್ಳುವುದಿಲ್ಲ, ಮರುಕ್ಷಣ ಹಿಂದಕ್ಕೆ ಎಸೆಯುತ್ತದೆ. ಹಾಗೆ ಎಸೆಯುವುದನ್ನು ತಡೆಯುವುದು ಶಾಕಪ್ಸರ್‌ನ ಕೆಲಸ. ಅದರೊಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ನೂಕುತ್ತದೆ, ಚಲನೆಯ ಶಕ್ತಿ ಎಣ್ಣೆಯ ಉಷ್ಣವಾಗುತ್ತದೆ. ಪುಸ್ತಕದ ವಾಹನಕ್ಕೆ ಅನುಪಾತ 0.3 ಇರುವ ಒಳ್ಳೆಯ ಶಾಕಪ್ಸರ್ ಹಾಕಿ, ಅದು ಸಹಜ ಆವೃತ್ತಿಯಲ್ಲಿ 2 ಸೆಂಟಿಮೀಟರ್ ಪಾರದಿಂದ ಆಡುತ್ತಿದೆಯೆಂದು ಇಟ್ಟುಕೊಂಡರೆ ಪ್ರತಿ ಚಕ್ರದಲ್ಲೂ ಸುಮಾರು 50 ವಾಟ್ ಉಷ್ಣ ಹುಟ್ಟುತ್ತದೆ. ಹಳೆಯ ಕಾಲದ ಒಂದು ಬಲ್ಬಿನಷ್ಟು! ಕೆಟ್ಟ ರಸ್ತೆಯಲ್ಲಿ ಓಡಿಬಂದ ಬೈಕಿನ ಹಿಂದಿನ ಶಾಕಪ್ಸರ್ ಬೆಚ್ಚಗಿರುವುದು ಇದಕ್ಕೇ.

ಇನ್ನೂ ದೊಡ್ಡ ದೋಷ ಇರುವುದು ಚಿತ್ರದಲ್ಲಿ. ಪುಸ್ತಕದ ಅವಮಂದಿತ ಆಂದೋಲಕವನ್ನು ನೆನಪಿಸಿಕೊಳ್ಳಿ. ಗಟ್ಟಿ ಆಧಾರದಿಂದ ತೂಗಿದ ಸ್ಪ್ರಿಂಗು, ಅದರ ತುದಿಗೆ ತುಂಡು, ತುಂಡಿನ ಕೆಳಗೆ ದ್ರವದಲ್ಲಿ ಮುಳುಗಿದ ಒಂದು ಹಲಗೆ. ದ್ರವದ ಪಾತ್ರೆ ಅಲುಗಾಡದೆ ಕುಳಿತಿದೆ. ಬಲಪ್ರೇರಿತ ಆಂದೋಲನಕ್ಕೆ ಬಂದಾಗ ಹೊರಗಿನ ಬಲ ನೇರವಾಗಿ ತುಂಡಿನ ಮೇಲೆಯೇ ಬೀಳುತ್ತದೆ. ಈಗ ರಸ್ತೆಗೆ ಬನ್ನಿ. ಕಾರಿನ ಬಾಡಿಯನ್ನು ಯಾರೂ ಕೈಯಿಂದ ತಳ್ಳುತ್ತಿಲ್ಲ. ಉಬ್ಬುತಗ್ಗಿನ ಮೇಲೆ ಚಕ್ರ ಏರಿಳಿಯುತ್ತದೆ, ಸ್ಪ್ರಿಂಗಿನ ಕೆಳತುದಿಯೂ ಶಾಕಪ್ಸರ್‌ನ ಕೆಳತುದಿಯೂ ಅದರೊಡನೆ ಏರಿಳಿಯುತ್ತವೆ. ಅಂದರೆ ಪುಸ್ತಕದ ಚಿತ್ರದಲ್ಲಿ ಆಧಾರವನ್ನೂ ದ್ರವದ ಪಾತ್ರೆಯನ್ನೂ ಎತ್ತಿ ಕುಲುಕಬೇಕು.

ವ್ಯತ್ಯಾಸ ಸಣ್ಣದಲ್ಲ. ಬಲ ತುಂಡಿನ ಮೇಲೆಯೇ ಬಿದ್ದಾಗ ಅವಮಂದನ ಹೆಚ್ಚಿದಷ್ಟೂ ಪಾರ ಎಲ್ಲ ಆವೃತ್ತಿಗಳಲ್ಲೂ ಕಡಿಮೆಯಾಗುತ್ತದೆ. ವಿದ್ಯಾರ್ಥಿ ಇದರಿಂದ 'ಅವಮಂದನ ಹೆಚ್ಚಿದಷ್ಟೂ ಒಳ್ಳೆಯದು' ಎಂದು ಕಲಿಯುತ್ತಾನೆ. 'ಕಾರುಗಳಲ್ಲಿ ಕ್ರಾಂತಿಕ ಅವಮಂದನ ಇರುತ್ತದೆ' ಎಂಬ ಮಾತು ಉತ್ತರಪತ್ರಿಕೆಗಳಲ್ಲಿ ಸಿಗುವುದು ಹೀಗಾಗಿಯೇ. ಆಧಾರವೇ ಕುಲುಕಿದಾಗ ಕಥೆ ಬೇರೆ. ಕುಲುಕುವ ಆವೃತ್ತಿ ಸಹಜ ಆವೃತ್ತಿಯ 1.41 ಪಟ್ಟು, ಅಂದರೆ 2ರ ವರ್ಗಮೂಲದಷ್ಟು ಪಟ್ಟು, ಆಗುವವರೆಗೆ ಅವಮಂದನ ಸಹಾಯ ಮಾಡುತ್ತದೆ. ಅದನ್ನು ದಾಟಿದ ಮೇಲೆ ಅದೇ ಅವಮಂದನ ಹಾನಿ ಮಾಡುತ್ತದೆ! ಕಂಪನಶಾಸ್ತ್ರದ ಹಳೆಯ ಪಠ್ಯಗಳೂ ತೋರಿಸುವ ಫಲಿತಾಂಶ ಇದು.

ಪುಸ್ತಕದ ವಾಹನವನ್ನೇ ತೆಗೆದುಕೊಂಡು ಗಂಟೆಗೆ 47 ಕಿಲೋಮೀಟರ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 13 ಮೀಟರ್, ಓಡಿಸೋಣ. ರಸ್ತೆ ಅಲೆಅಲೆಯಾಗಿದೆ, ಒಂದು ಉಬ್ಬಿನಿಂದ ಇನ್ನೊಂದಕ್ಕೆ 10 ಮೀಟರ್, ಅಲೆಯ ಪಾರ 2 ಸೆಂಟಿಮೀಟರ್. ಚಕ್ರಕ್ಕೆ ಸೆಕೆಂಡಿಗೆ 1.3 ಉಬ್ಬು ಸಿಗುತ್ತದೆ. ಸಹಜ ಆವೃತ್ತಿಗೆ ಸರಿಯಾಗಿ ಕೂಡಿಕೊಂಡು ಅನುರಣನವಾಗುತ್ತದೆ. ಪುಸ್ತಕದ 0.11 ಅನುಪಾತದಲ್ಲಿ ಬಾಡಿಯ ಪಾರ 9 ಸೆಂಟಿಮೀಟರ್ ದಾಟುತ್ತದೆ. 0.3 ಇದ್ದರೆ 4ಕ್ಕಿಂತ ಸ್ವಲ್ಪ ಕಡಿಮೆ. ಕ್ರಾಂತಿಕ ಅವಮಂದನದಲ್ಲಿ 2.2. ಇಲ್ಲಿಯವರೆಗೆ ವಿದ್ಯಾರ್ಥಿ ಹೇಳಿದ್ದೇ ಸರಿ.

ಅದೇ ವೇಗದಲ್ಲಿ ಮುಂದೆ ಹದಗೆಟ್ಟ ರಸ್ತೆ ಬಂತೆನ್ನಿ. ಉಬ್ಬುಗಳ ಅಂತರ 2.5 ಮೀಟರ್, ಪಾರ 1 ಸೆಂಟಿಮೀಟರ್. ಈಗ ಆವೃತ್ತಿ ಸೆಕೆಂಡಿಗೆ 5.2, ಸಹಜ ಆವೃತ್ತಿಯ ನಾಲ್ಕು ಪಟ್ಟು. ಬಾಡಿಗೆ ತಲುಪುವ ಪಾರ 0.11 ಅನುಪಾತದಲ್ಲಿ 0.9 ಮಿಲಿಮೀಟರ್, 0.3ರಲ್ಲಿ 1.7, ಕ್ರಾಂತಿಕದಲ್ಲಿ 4.7. ಮಿಲಿಮೀಟರುಗಳೆಂದು ಉಪೇಕ್ಷಿಸಬೇಡಿ. ವೇಗೋತ್ಕರ್ಷಕ್ಕೆ ಬದಲಾಯಿಸಿದರೆ ಕೊನೆಯದು ಗುರುತ್ವದ ವೇಗೋತ್ಕರ್ಷದ ಅರ್ಧದಷ್ಟಾಗುತ್ತದೆ. ಅದೂ ಸೆಕೆಂಡಿಗೆ ಐದು ಬಾರಿ. ಮೇಲೆ ಕೆಳಗೆ ಅಲುಗುವ ಕಂಪನಗಳಲ್ಲಿ ಮನುಷ್ಯನ ದೇಹ ತುಂಬ ಸೂಕ್ಷ್ಮವಾಗಿರುವುದು ಸೆಕೆಂಡಿಗೆ 4ರಿಂದ 8ರ ನಡುವೆ. ಕಂಪನದ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 2631 ಇದನ್ನೇ ಹೇಳುತ್ತದೆ. ಕ್ರಾಂತಿಕ ಅವಮಂದನದ ಕಾರಿನಲ್ಲಿ ಕುಳಿತವರ ಹೊಟ್ಟೆ ಕಲಕುವುದು ಖಂಡಿತ.

ಕಾರಣ ಸರಳ. ಅವಮಂದನದ ಬಲ ವೇಗಕ್ಕೆ ಅನುಪಾತದಲ್ಲಿರುತ್ತದೆ. ಚಕ್ರ ಸರಸರನೆ ಅಲುಗಿದಾಗ ರಂಧ್ರದಲ್ಲಿ ಎಣ್ಣೆ ಹಾದುಹೋಗಲು ಸಮಯ ಸಾಲದು. ಶಾಕಪ್ಸರ್ ಬಹುಮಟ್ಟಿಗೆ ಒಂದು ಕಬ್ಬಿಣದ ಸರಳಿನಂತೆ ವರ್ತಿಸಿ ರಸ್ತೆಯನ್ನು ನೇರವಾಗಿ ಸೀಟಿಗೆ ಜೋಡಿಸುತ್ತದೆ. ಹಾಗಾದರೆ 0.11ರ ಗಾಡಿಯೇ ಸುಖವಲ್ಲವೆ? ಆ ತುಂಡು ರಸ್ತೆಯ ಮಟ್ಟಿಗೆ ಹೌದು. ಆದರೆ ಅದೇ ಗಾಡಿ 10 ಮೀಟರ್ ಅಲೆಗಳಲ್ಲಿ ಸ್ಪ್ರಿಂಗಿನ ಮಿತಿಯನ್ನೇ ಮುಟ್ಟಿಬಿಡಬಹುದು. ಚಕ್ರಕ್ಕೂ ತನ್ನದೇ ಸಹಜ ಆವೃತ್ತಿಯಿದೆ, ಸೆಕೆಂಡಿಗೆ ಸುಮಾರು 10. ಅವಮಂದನ ಸಾಲದಿದ್ದರೆ ಆ ಆವೃತ್ತಿಯಲ್ಲಿ ಟೈರು ನೆಲ ಬಿಟ್ಟು ಕುಪ್ಪಳಿಸುತ್ತದೆ, ಆಗ ಬ್ರೇಕ್ ಒತ್ತಿದರೂ ಹಿಡಿತ ಸಿಗುವುದಿಲ್ಲ. ಹೀಗೆ ಎರಡೂ ಕಡೆಯಿಂದ ಎಳೆದಾಡಿದ ಮೇಲೆ 0.3ರ ಹತ್ತಿರದ ಒಂದು ರಾಜಿಗೆ ಬಂದಿದ್ದಾರೆ. ರಾಜಿ ಏಕೆ ಬೇಕಾಯಿತು ಎಂಬುದರಲ್ಲೇ ಈ ಪಾಠದ ಭೌತಶಾಸ್ತ್ರವೆಲ್ಲ ಇದೆ.

ಪಠ್ಯಪುಸ್ತಕಗಳು ಅನುರಣನದಲ್ಲಿ ಎಡವಿರುವುದು ಇದೇ ಮೊದಲಲ್ಲ. 1940ರ ನವೆಂಬರ್ 7ರಂದು ಅಮೆರಿಕದ ಟಕೋಮಾ ಸೇತುವೆ ಗಾಳಿಗೆ ತಿರುಚಿ ಬಿದ್ದದ್ದನ್ನು ಎಷ್ಟೋ ಪುಸ್ತಕಗಳು ಬಲಪ್ರೇರಿತ ಅನುರಣನಕ್ಕೆ ಮಾದರಿಯೆಂದು ಮುದ್ರಿಸುತ್ತ ಬಂದವು. 1991ರಲ್ಲಿ ಬಿಲ್ಲಾ ಮತ್ತು ಸ್ಕ್ಯಾನ್ಲನ್ ಅವರು ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಇದನ್ನು ಪಠ್ಯಗಳ ಹೆಸರು ಹಿಡಿದೇ ಖಂಡಿಸಿದರು. ಸೇತುವೆಯ ಚಲನೆಯೇ ಗಾಳಿಯ ಬಲವನ್ನು ಹುಟ್ಟಿಸಿಕೊಂಡು ಒಟ್ಟು ಅವಮಂದನವನ್ನು ಋಣಾತ್ಮಕವಾಗಿಸಿತ್ತು ಎಂಬುದು ಅವರ ವಾದ. ಅಲ್ಲಿಯೂ ಮರೆತದ್ದು ಅವಮಂದನವನ್ನೇ ಎಂಬುದು ಗಮನಾರ್ಹ.

ನಮ್ಮ ಪುಸ್ತಕದ ದೋಷಕ್ಕೆ ದೊರೆತ ಪರಿಹಾರ ಬೇರೆಯೇ ಆಯಿತು. ಎನ್‌ಸಿಇಆರ್‌ಟಿ 2022ರಲ್ಲಿ ಪಾಠದ ಹೊರೆ ಇಳಿಸಲು ಹೊರಟಾಗ ಅವಮಂದಿತ ಆಂದೋಲನ, ಬಲಪ್ರೇರಿತ ಆಂದೋಲನ, ಅನುರಣನ ಈ ಭಾಗಗಳನ್ನೇ ತೆಗೆದುಹಾಕಿತು. 2023ರ ಮುದ್ರಣದಲ್ಲಿ ಅಧ್ಯಾಯ ಸರಳ ಲೋಲಕಕ್ಕೆ ಮುಗಿದುಹೋಯಿತು. ಕೊರೋನಾ ನಂತರದ ದಿನಗಳಲ್ಲಿ ಹೊರೆ ಇಳಿಸುವ ಅಗತ್ಯವಿತ್ತು, ಒಪ್ಪೋಣ. ಆದರೆ ಉಳಿಸಿಕೊಂಡದ್ದು ಯಾವುದು? ಎಂದೂ ನಿಲ್ಲದ, ಯಾರೂ ತಳ್ಳದ, ಜಗತ್ತಿನಲ್ಲಿ ಎಲ್ಲೂ ಇಲ್ಲದ ಆಂದೋಲನ. ಬಿಟ್ಟದ್ದು ರಸ್ತೆಯಲ್ಲಿ, ವೀಣೆಯಲ್ಲಿ, ರೇಡಿಯೋದಲ್ಲಿ, ಭೂಕಂಪದಲ್ಲಿ ಇರುವ ಆಂದೋಲನ. ಪಿಯು ಮುಗಿಸಿ ಮೆಕ್ಯಾನಿಕಲ್ ಓದುವವನಿಗೆ ಇದು ಮುಂದೆ ಎಲ್ಲಾದರೂ ಸಿಕ್ಕೀತು. ವೈದ್ಯಕೀಯಕ್ಕೋ ಕೃಷಿಗೋ ಅಧ್ಯಾಪನಕ್ಕೋ ಹೋಗುವವಳಿಗೆ ಮತ್ತೆ ಸಿಗುವುದು ಕಷ್ಟ. ಸಮೀಕರಣ ಬಿಟ್ಟು ಎರಡು ಪುಟ ವಿವರಣೆ ಉಳಿಸಿಕೊಳ್ಳಬಹುದಿತ್ತು.

ಆ ಎರಡು ಪುಟದಲ್ಲಿ ಏನಿರಬಹುದಿತ್ತು ಎಂಬುದಕ್ಕೆ ರಸ್ತೆಯೇ ಸಾಮಗ್ರಿ ಕೊಡುತ್ತದೆ. ಖಾಲಿ ಲಾರಿ ತುಂಬಿದ ಲಾರಿಗಿಂತ ಹೆಚ್ಚು ಎಗರುವುದನ್ನು ಎಲ್ಲರೂ ಕಂಡಿದ್ದಾರೆ. ಸ್ಪ್ರಿಂಗ್ ಅದೇ, ರಾಶಿ ಕಡಿಮೆ, ಆದ್ದರಿಂದ ಆವೃತ್ತಿ ಹೆಚ್ಚು. ಭಾರ ನಾಲ್ಕು ಪಟ್ಟಾದರೆ ಆವೃತ್ತಿ ಅರ್ಧವಾಗುತ್ತದೆ, ಅವಮಂದನ ಅನುಪಾತವೂ ಅರ್ಧವಾಗುತ್ತದೆ. ಇದೇ ಸೂತ್ರದಿಂದ ಇನ್ನೊಂದು ತಮಾಷೆ ಹೊರಡುತ್ತದೆ. ಪುಸ್ತಕದ ಆ 1350ರ ಶಾಕಪ್ಸರನ್ನು ಚಕ್ರಕ್ಕೆ 300 ಕಿಲೋಗ್ರಾಂ ಬೀಳುವ, ಅಷ್ಟೇ 15 ಸೆಂಟಿಮೀಟರ್ ಕುಗ್ಗುವ ಸಣ್ಣ ಕಾರಿಗೆ ಹಾಕಿ ನೋಡಿ. ಅನುಪಾತ 0.28 ಬರುತ್ತದೆ, ಏನೂ ಕೊರತೆಯಿಲ್ಲ! ಸಾಮಾನು ಕೆಟ್ಟದ್ದಲ್ಲ, ಗಾಡಿ ತಪ್ಪು.

ಹಂಪ್ ವಿಷಯವೂ ಪಾಠಕ್ಕೆ ಯೋಗ್ಯ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿ ಹೇಳಿದ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಅದನ್ನು ದಾಟಲು ಸೂಚಿಸಿದ ವೇಗ ಗಂಟೆಗೆ 25 ಕಿಲೋಮೀಟರ್. ಆ ವೇಗದಲ್ಲಿ ಒಂದು ಚಕ್ರ ಉಬ್ಬನ್ನು ದಾಟಲು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಇದು ಕಾರಿನ ಆವರ್ತಕಾಲದ ಅಳತೆಯದೇ, ಹಾಗಾಗಿ ಬಾಡಿ ಉಬ್ಬಿನ ಜೊತೆ ಏರಿ ಇಳಿಯುತ್ತದೆ. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಏಳುವ ಅರ್ಧ ಮೀಟರ್ ಅಗಲದ ದಿಣ್ಣೆಗಳನ್ನು ಅದೇ ವೇಗದಲ್ಲಿ ದಾಟಲು 0.07 ಸೆಕೆಂಡು ಸಾಕು. ಬಾಡಿ ಏಳುವ ಮೊದಲೇ ಚಕ್ರಕ್ಕೆ ಪೆಟ್ಟು ಬಿದ್ದಾಗಿರುತ್ತದೆ. ಎಣ್ಣೆ ಹಾಯಲು ಸಮಯ ಸಾಲದೆಂದು ಮೇಲೆ ಹೇಳಿದೆವಲ್ಲ, ಆ ಪೆಟ್ಟಿನ ಹೆಚ್ಚಿನ ಪಾಲು ಶಾಕಪ್ಸರ್ ಮೂಲಕವೇ ಬೆನ್ನಿಗೆ ಬರುತ್ತದೆ. ತಯಾರಕರಿಗೆ ಇದು ಗೊತ್ತು. ಆದ್ದರಿಂದ ಶಾಕಪ್ಸರ್ ಒತ್ತಿಕೊಳ್ಳುವಾಗ ಸಡಿಲ, ಹಿಗ್ಗುವಾಗ ಬಿಗಿ, ಸಾಮಾನ್ಯವಾಗಿ ಎರಡು ಮೂರು ಪಟ್ಟು ಬಿಗಿ ಇರುವಂತೆ ಕವಾಟಗಳನ್ನು ಜೋಡಿಸುತ್ತಾರೆ. ಒಂದೇ ಸ್ಥಿರಾಂಕದಲ್ಲಿ ಎಲ್ಲವನ್ನೂ ಮುಗಿಸುವ ಪುಸ್ತಕದ ಸೂತ್ರ ಇಲ್ಲಿ ಅಂದಾಜು ಮಾತ್ರ.

ಲೀಫ್ ಸ್ಪ್ರಿಂಗಿನ ಲಾರಿಯಲ್ಲಂತೂ ಸೂತ್ರ ಇನ್ನಷ್ಟು ದೂರ. ಅಲ್ಲಿ ಪಟ್ಟಿಗೆ ಪಟ್ಟಿ ಉಜ್ಜಿ ಆಗುವ ಒಣ ಘರ್ಷಣೆಯೇ ಅವಮಂದನದ ದೊಡ್ಡ ಪಾಲು. ಒಣ ಘರ್ಷಣೆಯಲ್ಲಿ ಪಾರ ಪ್ರತಿ ಸಲವೂ ಒಂದೇ ಅನುಪಾತದಲ್ಲಿ ಕುಗ್ಗುವುದಿಲ್ಲ, ಒಂದೇ ಮೊತ್ತದಷ್ಟು ಕುಗ್ಗುತ್ತದೆ. ಎರಡನ್ನೂ ಬೇರ್ಪಡಿಸಿ ನೋಡಲು ಪ್ರಯೋಗಾಲಯ ಬೇಡ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು 2016ರಲ್ಲಿ ಬಿಡುಗಡೆ ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಮೊಬೈಲನ್ನೇ ವೇಗೋತ್ಕರ್ಷ ಅಳೆಯುವ ಉಪಕರಣವಾಗಿಸುತ್ತದೆ. ನಿಂತ ಗಾಡಿಯ ಮೂಲೆಯ ಮೇಲೆ ಮೊಬೈಲನ್ನು ಟೇಪಿನಿಂದ ಬಿಗಿದು, ಒತ್ತಿ ಬಿಟ್ಟು, ಅನುಕ್ರಮವಾಗಿ ಬರುವ ಶಿಖರಗಳನ್ನು ಅಳೆಯಬೇಕು. ಅನುಪಾತ ಸ್ಥಿರವೋ ವ್ಯತ್ಯಾಸ ಸ್ಥಿರವೋ ಎಂದು ಮಕ್ಕಳೇ ಹೇಳುತ್ತಾರೆ. ನಾವು ಕಾಲೇಜಿನ ಅಂಗಳದಲ್ಲಿ ಮಾಡಿದಾಗ ಎರಡು ಕಾರುಗಳ ಮಾಲೀಕರು, ಇಬ್ಬರೂ ಸಹೋದ್ಯೋಗಿಗಳು, ಆ ವಾರವೇ ಶಾಕಪ್ಸರ್ ಬದಲಾಯಿಸಿದರು.

ಹಳೆಯ ಲೆಕ್ಕವನ್ನು ಟೀಕಿಸಿದ ಮೇಲೆ ಅದರ ಜಾಗಕ್ಕೆ ಒಂದನ್ನು ಕೊಡುವುದು ನ್ಯಾಯ. ಹೀಗಿರಬಹುದು:

ಒಂದು ಕಾರಿನ ಪ್ರತಿ ಚಕ್ರ 300 ಕಿಲೋಗ್ರಾಂ ಹೊರುತ್ತದೆ, ಆ ಭಾರಕ್ಕೆ ಸ್ಪ್ರಿಂಗ್ 15 ಸೆಂಟಿಮೀಟರ್ ಕುಗ್ಗಿದೆ. ಒತ್ತಿ ಬಿಟ್ಟಾಗ ಒಂದು ಆಂದೋಲನದ ನಂತರ ಪಾರ ಶೇಕಡಾ 15ಕ್ಕೆ ಇಳಿಯುತ್ತದೆ. ಈ ಕಾರನ್ನು ಗ್ಯಾರೇಜಿಗೆ ಕಳಿಸಬೇಕೆ? 8 ಮೀಟರಿಗೊಂದು ಉಬ್ಬಿರುವ ರಸ್ತೆಯಲ್ಲಿ ಯಾವ ವೇಗವನ್ನು ತಪ್ಪಿಸಬೇಕು? ಅದೇ ವೇಗದಲ್ಲಿ 2 ಮೀಟರಿಗೊಂದು ಉಬ್ಬಿರುವ ರಸ್ತೆ ಬಂದರೆ ಇನ್ನೂ ಬಿಗಿಯಾದ ಶಾಕಪ್ಸರ್ ಹಾಕಿಸುವುದು ಜಾಣತನವೆ? ಹಬ್ಬಕ್ಕೆ ಊರಿಗೆ ಹೊರಟು ಐವರು ಮತ್ತು ಅವರ ಗಂಟುಮೂಟೆ ಹತ್ತಿದ ಮೇಲೆ ಮೊದಲ ಪ್ರಶ್ನೆಯ ಉತ್ತರ ಬದಲಾಗುತ್ತದೆಯೆ?

ಎರಡನೆಯದಕ್ಕೆ ಉತ್ತರ ಗಂಟೆಗೆ ಸುಮಾರು 37 ಕಿಲೋಮೀಟರ್. ಉಳಿದವಕ್ಕೆ ಉತ್ತರ ಬರೆಯುವ ಮೊದಲು ಹೊರಗೆ ಹೋಗಿ ಒಂದು ಕಾರನ್ನು ಒತ್ತಿ ನೋಡಿ ಬಂದವರಿಗೆ ಒಂದು ಅಂಕ ಹೆಚ್ಚು ಕೊಡಬಹುದು.